ಇಂಗ್ಲೆಂಡಿನ ಸಂಗೀತ ಕೇಳಬೇಕಾ? ಇಲ್ಲಿಂದ ಶುರು ಮಾಡಿ

ನಮ್ಮ ಕಡೆ 'ಇಂಗ್ಲಿಷ್ ಹಾಡು' ಅಂದರೆ ಇಂಗ್ಲಿಷಿನಲ್ಲಿರುವ ಯಾವ ಹಾಡಾದರೂ ನಡೆಯುತ್ತದೆ. ಅಬ್ಬಾ ತಂಡದವರು ಸ್ವೀಡನ್ನಿನವರು. ಯೂ-ಟೂ ಡಬ್ಲಿನ್ನಿನವರು. ಮೈಕಲ್ ಜಾಕ್ಸನ್ ಅಮೆರಿಕದವನು. ಟಾಮ್ ಜೋನ್ಸ್ ವೇಲ್ಸಿನವನು. ನಮಗೆ ಇವೆಲ್ಲಾ ಇಂಗ್ಲಿಷ್ ಹಾಡೇ.

ನನ್ನ ಅಕ್ಕನ ಮಗ ಪಿಯಾನೋ ಕಲಿಯುತ್ತಾನೆ. ಅವನ ಗ್ರೇಡ್ ಪರೀಕ್ಷೆ ನಡೆಸುವುದು ಲಂಡನ್ನಿನ ಮಂಡಳಿ. ಒಂದು ದಿನ ಕೇಳಿದ, "ಮಾಮಾ, ಬಾಕ್ ಜರ್ಮನಿ, ಮೊಜಾರ್ಟ್ ಆಸ್ಟ್ರಿಯಾ. ಪರೀಕ್ಷೆ ಮಾಡುವ ಇಂಗ್ಲೆಂಡಿನವರಲ್ಲಿ ಯಾರೂ ಇಲ್ವಾ?" ಒಳ್ಳೇ ಪ್ರಶ್ನೆ. ಒಂದು ಕಾಲಕ್ಕೆ ಜರ್ಮನ್ನರೂ ಇಂಗ್ಲೆಂಡನ್ನು 'ಸಂಗೀತವಿಲ್ಲದ ನಾಡು' ಅಂತ ಹಂಗಿಸುತ್ತಿದ್ದರು. ಅವನಿಗೆ ಅಂತ ಒಂದು ಕಾಗದದಲ್ಲಿ ಬರೆದುಕೊಟ್ಟದ್ದೇ ಬೆಳೆದು ಈ ಲೇಖನ ಆಯಿತು.

ಮೊದಲೇ ಒಂದು ಮಾತು. ಕ್ಲಾಸಿಕಲ್ ಒಂದು ಕಡೆ, ಪಾಪ್-ರಾಕ್ ಇನ್ನೊಂದು ಕಡೆ ಅಂತ ಎರಡು ಪಟ್ಟಿ ಮಾಡಿಕೊಳ್ಳಬೇಡಿ. ಇಂಗ್ಲೆಂಡಿನ ಮಟ್ಟಿಗೆ ಇವೆರಡೂ ಒಂದೇ ವಠಾರದ ಮನೆಗಳು. ಒಂದೇ ಸ್ಟುಡಿಯೋ, ಒಂದೇ ಚರ್ಚಿನ ಗಾನವೃಂದ, ಎಷ್ಟೋ ಸಲ ಅದೇ ಪಿಟೀಲಿನವರು. ಹಾಗಾಗಿ ಕೆಳಗಿನ ಹೆಜ್ಜೆಗಳಲ್ಲಿ ನಾನು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಓಡಾಡುತ್ತೇನೆ.

ಶುರು ಮಾಡುವ ಮೊದಲು: ಇಯರ್‌ಫೋನ್

ಇದು ಸಣ್ಣ ವಿಷಯ ಅನ್ನಿಸಬಹುದು, ಅಲ್ಲ. ಸಿನಿಮಾ ಹಾಡು ಶುರುವಿನಿಂದ ಕೊನೆಯವರೆಗೆ ಹೆಚ್ಚುಕಮ್ಮಿ ಒಂದೇ ಜೋರಿನಲ್ಲಿ ಇರುತ್ತದೆ. ಆರ್ಕೆಸ್ಟ್ರಾ ಸಂಗೀತ ಹಾಗಲ್ಲ. ಪಿಸುಮಾತಿನಲ್ಲಿ ಶುರುವಾಗಿ ಕಿವಿ ಬಿರಿಯುವಷ್ಟು ಏರುತ್ತದೆ. ನಾನು ಮೊದಲ ಸಲ ಇಂಗ್ಲೆಂಡಿನ ರಚನಕಾರ ಎಲ್ಗರ್‌ನ 'ನಿಮ್‌ರಾಡ್' ಕೇಳಿದ್ದು ಬಸ್ಸಿನಲ್ಲಿ. ಏನೂ ಕೇಳಿಸುತ್ತಿಲ್ಲ ಅಂತ ವಾಲ್ಯೂಮ್ ಪೂರ್ತಿ ಏರಿಸಿದೆ. ಮೂರು ನಿಮಿಷದ ಹೊತ್ತಿಗೆ ಹಿತ್ತಾಳೆ ವಾದ್ಯಗಳೆಲ್ಲಾ ಒಟ್ಟಿಗೆ ಎದ್ದವು. ಇಯರ್‌ಫೋನ್ ಕಿತ್ತು ಮಡಿಲಿಗೆ ಹಾಕಿಕೊಂಡೆ, ಪಕ್ಕದ ಅಜ್ಜಿಗೂ ಕೇಳಿಸಿತು. ಹಾಗಾಗಿ ಕ್ಲಾಸಿಕಲ್ ಏನಿದ್ದರೂ ಮನೆಯಲ್ಲಿ, ಸದ್ದಿಲ್ಲದ ಹೊತ್ತಿನಲ್ಲಿ ಕೇಳಿ. ಬೀಟಲ್ಸ್, ಕ್ವೀನ್ ಬಸ್ಸಿಗೂ ಆದೀತು.

ಹಾಗೇ ಆ್ಯಪ್‌ನಲ್ಲಿ ಷಫಲ್ ಆಫ್ ಮಾಡಿ. ಕ್ಲಾಸಿಕಲ್ ಕೃತಿಗಳನ್ನು ಈ ಆ್ಯಪ್‌ಗಳು ಭಾಗ ಭಾಗವಾಗಿ ಕತ್ತರಿಸಿ ಇಟ್ಟಿರುತ್ತವೆ. ಷಫಲ್ ಇದ್ದರೆ ಪಲ್ಲವಿಗಿಂತ ಮುಂಚೆ ಚರಣ ಬಂದ ಹಾಗೆ ಆಗುತ್ತದೆ.

ಹೆಜ್ಜೆ 1: ಬರೀ ಒಂದು ದನಿ

ನಮ್ಮ ಕಿವಿಗೆ ಪಾಶ್ಚಾತ್ಯ ಸಂಗೀತದಲ್ಲಿ ಕಷ್ಟವಾಗುವುದು ಒಟ್ಟಿಗೆ ಹಲವು ಸ್ವರ ಬರುವುದು. ನಾವು ಒಂದು ಸ್ವರದ ಹಿಂದೆ ಹೋಗಿ ರೂಢಿ. ಹಾಗಾದರೆ ಒಂದೇ ದನಿಯಿಂದ ಶುರು ಮಾಡೋಣ.

ಕ್ಯಾತ್ಲೀನ್ ಫೆರಿಯರ್ ಅಂತ ಹುಡುಕಿ. 'ಬ್ಲೋ ದ ವಿಂಡ್ ಸದರ್ಲಿ' ಅನ್ನುವ ಹಾಡು, 1949ರ ಧ್ವನಿಮುದ್ರಣ. ಎರಡು ನಿಮಿಷ ಚಿಲ್ಲರೆ. ಪಿಯಾನೋ ಇಲ್ಲ, ಗಿಟಾರ್ ಇಲ್ಲ, ಶ್ರುತಿಗೆ ತಂಬೂರಿಯೂ ಇಲ್ಲ. ಇಂಗ್ಲೆಂಡಿನ ಉತ್ತರದ ಕಡಲ ತೀರದ ಜನಪದ ಗೀತೆ. ಸಮುದ್ರಕ್ಕೆ ಹೋದವನನ್ನು ವಾಪಸು ಕರೆತರು ಅಂತ ಗಾಳಿಯನ್ನು ಬೇಡುವ ಹಾಡು. ಆ ದನಿ ಎಷ್ಟು ದಪ್ಪ, ಎಷ್ಟು ಗಂಭೀರ ಅಂದರೆ ಮೊದಲ ಸಾಲಿಗೇ ಕೈಯಲ್ಲಿದ್ದ ಕೆಲಸ ನಿಲ್ಲುತ್ತದೆ. ಹೆಂಗಸರ ದನಿಯಲ್ಲಿ ಎಲ್ಲಕ್ಕಿಂತ ಕೆಳಗಿನ ಸ್ಥಾಯಿ ಅದು. ಅವರು ಅದಕ್ಕೆ ಕಾಂಟ್ರಾಲ್ಟೋ ಅನ್ನುತ್ತಾರೆ.

ಫೆರಿಯರ್ 14ನೇ ವಯಸ್ಸಿಗೆ ಶಾಲೆ ಬಿಟ್ಟು ಬ್ಲ್ಯಾಕ್‌ಬರ್ನ್ ಊರಿನ ಟೆಲಿಫೋನ್ ಎಕ್ಸ್‌ಚೇಂಜಿಗೆ ಸೇರಿದ ಹುಡುಗಿ. 1937ರಲ್ಲಿ ಕಾರ್ಲೈಲ್ ಊರಿನ ಸ್ಪರ್ಧೆಗೆ ಪಿಯಾನೋಗೆ ಹೆಸರು ಕೊಟ್ಟಾಗ, ಹಾಡಿನ ಸ್ಪರ್ಧೆಗೂ ನಿಲ್ಲುವ ಧೈರ್ಯ ನಿನಗಿಲ್ಲ ಅಂತ ಗಂಡ ಒಂದು ಶಿಲ್ಲಿಂಗ್ ಪಂಥ ಕಟ್ಟಿದ. ಎರಡರಲ್ಲೂ ಗೆದ್ದಳು. 1953ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ವಯಸ್ಸು ಬರೀ 41.

ಈ ಹಾಡನ್ನು ಮೂರು ದಿನ, ದಿನಕ್ಕೊಂದು ಸಲ ಕೇಳಿ. ಗಮಕ ಇಲ್ಲದೆ, ಸ್ವರಗಳನ್ನು ನೇರವಾಗಿ ಹಿಡಿದು ಭಾವ ಹುಟ್ಟಿಸುವುದು ಹೇಗೆ ಅನ್ನುವುದು ಕಿವಿಗೆ ತಾನಾಗಿ ಗೊತ್ತಾಗುತ್ತದೆ. ಮುಂದಿನದಕ್ಕೆ ಇಷ್ಟು ಸಾಕು.

ಹೆಜ್ಜೆ 2: ಕೆಳಗಿನ ಸ್ವರ ಹಿಡಿಯಿರಿ

ಈಗ ಹೆನ್ರಿ ಪರ್ಸೆಲ್. 1659ರಲ್ಲಿ ಹುಟ್ಟಿದವನು, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆ ಅನ್ನುವ ದೊಡ್ಡ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವನು, 1695ರಲ್ಲಿ ತೀರಿಕೊಂಡವನು. ಅವನ 'ಡೈಡೋ ಆ್ಯಂಡ್ ಈನಿಯಸ್' ಒಪೆರಾದ ಕೊನೆಯಲ್ಲಿ ಕಾರ್ತೇಜಿನ ರಾಣಿ ಡೈಡೋ ಸಾಯುವ ಮುಂಚೆ ಒಂದು ಹಾಡು ಹಾಡುತ್ತಾಳೆ. 'ಡೈಡೋಸ್ ಲಮೆಂಟ್' ಅಂತ ಹುಡುಕಿದರೆ ಸಿಗುತ್ತದೆ. ಸುಮಾರು ನಾಲ್ಕು ನಿಮಿಷ.

ಇಲ್ಲಿ ಒಂದು ಕೆಲಸ ಮಾಡಿ. ಹಾಡುವವಳನ್ನು ಮೊದಲ ಸಲ ಪೂರ್ತಿ ಮರೆತುಬಿಡಿ. ಅವಳು ಬಾಯಿ ತೆರೆಯುವ ಮುಂಚೆಯೇ ತಳದಲ್ಲಿ ಒಂದು ವಾದ್ಯ ಒಂಟಿಯಾಗಿ ಒಂದು ಸಾಲು ನುಡಿಸುತ್ತದೆ. ಅದನ್ನು ಮಾತ್ರ ಹಿಡಿಯಿರಿ. ಒಂದೊಂದೇ ಮೆಟ್ಟಿಲು ಇಳಿಯುವ ಸಾಲು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ: ಮೇಲಿನ ಸ, ಕಾಕಲಿ ನಿ, ಕೈಶಿಕಿ ನಿ, ಚತುಶ್ರುತಿ ದ, ಶುದ್ಧ ದ, ಪ. ಎರಡು ನಿ, ಎರಡು ದ ಬೆನ್ನಿಗೆ ಬೆನ್ನು! ನಮ್ಮ ಕಛೇರಿಯಲ್ಲಿ ಯಾರಾದರೂ ಹೀಗೆ ಹಾಡಿದರೆ ಮುಂದಿನ ಸಾಲಿನ ರಸಿಕರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಇಲ್ಲಿ ಆ ಜಾರುವಿಕೆಯೇ ದುಃಖ.

ಆ ಸಾಲು ಹನ್ನೊಂದು ಸಲ ಬರುತ್ತದೆ. ಬೆರಳು ಮಡಚಿ ಎಣಿಸಿ. ಎರಡನೇ ಸಲ ಕೇಳುವಾಗ ಹಾಡುವವಳ ಕಡೆ ಗಮನ ಕೊಡಿ. ತಳದ ಸಾಲು ಮುಗಿಯುವ ಜಾಗದಲ್ಲಿ ಅವಳ ಸಾಲು ಮುಗಿಯುವುದಿಲ್ಲ. ಅವಳು ಅದರ ಮೇಲೆ ಹಾಯ್ದು ಹೋಗುತ್ತಾಳೆ. ತಾಳದ ಆವರ್ತ ಮುಗಿದರೂ ಗಾಯಕರು ಸಾಹಿತ್ಯವನ್ನು ಎಳೆದುಕೊಂಡು ಹೋಗಿ ಆಚೆ ಇಳಿಸುತ್ತಾರಲ್ಲ, ಹೆಚ್ಚುಕಮ್ಮಿ ಆ ಸುಖ. ನನ್ನ ಮಟ್ಟಿಗೆ, ಒಟ್ಟಿಗೆ ಎರಡು ಎಳೆ ಕೇಳುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಇದೇ ಕಾಲದ ಆಸುಪಾಸಿನ ಇನ್ನೊಬ್ಬರು ಬೇಕು ಅಂದರೆ ಜಾನ್ ಡೌಲೆಂಡ್, ಪರ್ಸೆಲ್‌ಗಿಂತ ಸುಮಾರು ನೂರು ವರ್ಷ ಹಳಬ, ಲ್ಯೂಟ್ ಅನ್ನುವ ತಂತಿವಾದ್ಯ ನುಡಿಸುತ್ತಾ ಹಾಡು ಕಟ್ಟುತ್ತಿದ್ದವನು. 'ದ ಪೊಲೀಸ್' ಅನ್ನುವ ರಾಕ್ ತಂಡದ ಸ್ಟಿಂಗ್ 2006ರಲ್ಲಿ ಡೌಲೆಂಡ್‌ನ ಹಾಡುಗಳದ್ದೇ ಒಂದು ಆಲ್ಬಂ ಮಾಡಿದ. ಕ್ಲಾಸಿಕಲ್‌ನವರು ಮೂಗು ಮುರಿದರು. ನನಗಂತೂ ಆ ಒರಟು ದನಿ ಇಷ್ಟ.

ಪರ್ಸೆಲ್ ಆದಮೇಲೆ ಸುಮಾರು ಇನ್ನೂರು ವರ್ಷ ಇಂಗ್ಲೆಂಡಿನಲ್ಲಿ ಮೆರೆದವರಲ್ಲಿ ಹೊರಗಿನವರೇ ಜಾಸ್ತಿ. ಅವರಲ್ಲಿ ಹ್ಯಾಂಡೆಲ್ ದೊಡ್ಡವನು. ಹುಟ್ಟಿದ್ದು ಜರ್ಮನಿಯಲ್ಲಿ, 1727ರಲ್ಲಿ ಬ್ರಿಟಿಷ್ ಪ್ರಜೆಯಾದ. ಆ ವರ್ಷದ ಪಟ್ಟಾಭಿಷೇಕಕ್ಕೆ ಅವನು ಬರೆದ 'ಜೇಡಾಕ್ ದ ಪ್ರೀಸ್ಟ್' ಕೇಳಿ ನೋಡಿ. ಫುಟ್‌ಬಾಲ್ ನೋಡುವವರಿಗೆ ತಕ್ಷಣ ಅನುಮಾನ ಬರುತ್ತದೆ. ಹೌದು, ಚಾಂಪಿಯನ್ಸ್ ಲೀಗ್ ಗೀತೆ ಅದರಿಂದಲೇ ಎತ್ತಿದ್ದು. ಲಂಡನ್ನಿನ ಬ್ರೂಕ್ ಸ್ಟ್ರೀಟ್‌ನ 25ನೇ ನಂಬರಿನಲ್ಲಿ ಹ್ಯಾಂಡೆಲ್ ಇದ್ದ. ಎರಡು ಶತಮಾನ ಆದಮೇಲೆ ಪಕ್ಕದ 23ನೇ ನಂಬರಿನಲ್ಲಿ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಬಾಡಿಗೆಗಿದ್ದ. ವಠಾರ ಅಂದೆನಲ್ಲ, ಸುಮ್ನೆ ಅಲ್ಲ.

ಹೆಜ್ಜೆ 3: ತಾಳ ಹಾಕಿ

ನಮ್ಮವರಿಗೆ ಇದು ಸುಲಭದ ಹೆಜ್ಜೆ, ಖುಷಿಯದ್ದೂ ಹೌದು. ಪಾಶ್ಚಾತ್ಯ ಸಂಗೀತದಲ್ಲಿ ನಾಲ್ಕು, ಮೂರು ಬಿಟ್ಟರೆ ಲೆಕ್ಕ ಇಲ್ಲ ಅಂತ ಹೇಳುವವರಿಗೆ ಮೂರು ಹಾಡು ಕೇಳಿಸಿ.

ಒಂದು, ಗುಸ್ತಾವ್ ಹೋಲ್ಸ್ಟ್‌ನ 'ದ ಪ್ಲಾನೆಟ್ಸ್' ಕೃತಿಯ ಮೊದಲ ಭಾಗ, 'ಮಾರ್ಸ್'. ಅಂದರೆ ಮಂಗಳ ಗ್ರಹ. ಇದು ಐದು ಎಣಿಕೆ. ಶುರುವಿನಲ್ಲಿ ಪಿಟೀಲಿನವರು ಕಮಾನಿನ ಕೂದಲಿನಿಂದ ಅಲ್ಲ, ಮರದ ಬೆನ್ನಿನಿಂದ ತಂತಿಗೆ ಹೊಡೆಯುತ್ತಾರೆ. ಟಕ ಟಕ ಅಂತ ಒಣ ಸದ್ದು. ಮೊದಲ ಎಣಿಕೆಯೊಳಗೇ ಮೂರು ಪೆಟ್ಟು, ಆಮೇಲೆ ಒಂದು, ಒಂದು, ನಾಲ್ಕನೆಯದರಲ್ಲಿ ಎರಡು, ಐದನೆಯದು ಒಂದು. ಖಂಡ ಛಾಪು ಎರಡು-ಮೂರು ಆದರೆ ಇದು ಮೂರು-ಎರಡು ಅನ್ನಿಸುತ್ತದೆ, ಖಂಡ ಛಾಪನ್ನು ತಿರುಗಿಸಿ ಇಟ್ಟ ಹಾಗೆ. ತೊಡೆಯ ಮೇಲೆ ತಾಳ ಹಾಕುತ್ತಾ ಕೇಳಿ. ಎರಡು ನಿಮಿಷದಲ್ಲಿ ಸೈನ್ಯ ಎದುರಿಗೆ ಬಂದು ನಿಲ್ಲುತ್ತದೆ.

ಎರಡು, ನಿಕ್ ಡ್ರೇಕ್‌ನ 'ರಿವರ್ ಮ್ಯಾನ್', 1969. ಇದೂ ಐದೇ ಎಣಿಕೆ. ಆದರೆ ಒಂದು ಗಿಟಾರ್, ಒಂದು ಮೆತ್ತನೆ ದನಿ, ಹಿಂದೆ ನಿಧಾನಕ್ಕೆ ಬರುವ ಪಿಟೀಲುಗಳು. ಅದೇ ಐದು ಅಲ್ಲಿ ಯುದ್ಧ, ಇಲ್ಲಿ ಹೊಳೆ. ನಿಕ್ ರಂಗೂನಿನಲ್ಲಿ ಹುಟ್ಟಿ ಇಂಗ್ಲೆಂಡಿನ ಹಳ್ಳಿಯಲ್ಲಿ ಬೆಳೆದವನು. ಬದುಕಿದ್ದಾಗ ಮೂರೇ ಆಲ್ಬಂ, ಕೊಂಡವರು ಕೆಲವೇ ಜನ. 1974ರಲ್ಲಿ, 26ನೇ ವಯಸ್ಸಿಗೆ ಹೋಗಿಬಿಟ್ಟ. ಜನ ಅವನನ್ನು ಹುಡುಕಿಕೊಂಡು ಬಂದದ್ದು ಎಷ್ಟೋ ವರ್ಷ ಆದಮೇಲೆ.

ಮೂರು, ಪಿಂಕ್ ಫ್ಲಾಯ್ಡ್‌ನ 'ಮನಿ', 1973. ಇದು ಏಳು. ಚಿಲ್ಲರೆ ಕಾಸಿನ ಸದ್ದು, ಕಾಗದ ಹರಿಯುವ ಸದ್ದು, ಗಲ್ಲಾಪೆಟ್ಟಿಗೆಯ ಸದ್ದು, ಇವನ್ನೆಲ್ಲಾ ಟೇಪಿನಲ್ಲಿ ಹಿಡಿದು, ಕತ್ತರಿಸಿ, ಏಳು ತುಂಡು ಅಂಟಿಸಿ ತಾಳ ಮಾಡಿದ್ದಾರೆ. ನಡುವೆ ಗಿಟಾರ್ ಸೋಲೋ ಬಂದಾಗ ಸದ್ದಿಲ್ಲದೆ ನಾಲ್ಕಕ್ಕೆ ಇಳಿಯುತ್ತದೆ. ಅಲ್ಲಿ ನಿಮ್ಮ ತಾಳ ತಪ್ಪದಿದ್ದರೆ ನೀವು ಪಾಸು.

ಹೋಲ್ಸ್ಟ್ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಲಂಡನ್ನಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ 1905ರಿಂದ ಸಾಯುವ ತನಕ ಸಂಗೀತದ ಮೇಷ್ಟ್ರಾಗಿದ್ದ ಮನುಷ್ಯ. ಋಗ್ವೇದದ ಸೂಕ್ತಗಳ ಇಂಗ್ಲಿಷ್ ಅನುವಾದ ಓದಿ, ಸರಿ ಅನ್ನಿಸದೆ, ತಾನೇ ಯೂನಿವರ್ಸಿಟಿ ಕಾಲೇಜ್ ಲಂಡನ್‌ನಲ್ಲಿ ಸಂಸ್ಕೃತ ಕಲಿತ. ಸೂಕ್ತಗಳಿಗೆ ಗಾನವೃಂದದ ಸಂಗೀತ ಹಾಕಿದ. ನಮ್ಮ ಸಾವಿತ್ರಿ-ಸತ್ಯವಾನರ ಕಥೆಗೆ ಮೂರೇ ಪಾತ್ರದ ಪುಟ್ಟ ಒಪೆರಾ ಬರೆದ. ಸುಮಾರು ಅರ್ಧ ಗಂಟೆಯದ್ದು. ಅದು ಶುರುವಾಗುವುದು ಯಮನ ದನಿಯಿಂದ, ಜೊತೆಗೆ ಒಂದು ವಾದ್ಯವೂ ಇಲ್ಲ. ಕಥೆ ಗೊತ್ತಿರುವ ನಮಗೆ ಇಂಗ್ಲಿಷರಿಗಿಂತ ಬೇಗ ಹಿಡಿಸುತ್ತದೆ.

ಹೆಜ್ಜೆ 4: ಎಲ್ಗರ್, ಎರಡು ಸಲ

ಎಡ್ವರ್ಡ್ ಎಲ್ಗರ್ ವೂಸ್ಟರ್ ಕಡೆಯವನು. ಅಪ್ಪನಿಗೆ ಸಂಗೀತದ ಅಂಗಡಿ, ಪಿಯಾನೋ ಶ್ರುತಿ ಮಾಡುವ ಕಸುಬು. ದೊಡ್ಡ ಸಂಗೀತ ಶಾಲೆಯ ಓದಿಲ್ಲ. 42ನೇ ವಯಸ್ಸಿನವರೆಗೆ ಲಂಡನ್ ಅವನನ್ನು ಅಷ್ಟಾಗಿ ಗಮನಿಸಿರಲಿಲ್ಲ. 1899ರಲ್ಲಿ 'ಎನಿಗ್ಮಾ ವೇರಿಯೇಶನ್ಸ್' ಬಂತು.

ಇದು ಒಂದೇ ಧಾಟಿಗೆ ಹದಿನಾಲ್ಕು ರೂಪ. ಒಂದೊಂದು ರೂಪವೂ ಅವನಿಗೆ ಗೊತ್ತಿರುವ ಒಬ್ಬೊಬ್ಬರ ಚಿತ್ರ. ಮೊದಲನೆಯದು ಹೆಂಡತಿ, ಕೊನೆಯದು ತಾನೇ. ಸಂಗತಿ ಬೆಳೆಸುವ ಹಾಗೆ ಅಂದುಕೊಳ್ಳಿ, ಆದರೆ ಪ್ರತಿ ಸಂಗತಿಗೂ ಒಂದು ಮುಖ ಇದೆ. ಹನ್ನೊಂದನೆಯದನ್ನು ಮಕ್ಕಳಿಗೆ ಕೇಳಿಸಿ. ಅದು ಹೆರೆಫೋರ್ಡ್ ಚರ್ಚಿನ ಆರ್ಗನ್ ವಾದಕ ಸಿಂಕ್ಲೇರ್ ಹೆಸರಿನಲ್ಲಿದೆ. ನಿಜವಾಗಿ ಅದರಲ್ಲಿರುವುದು ಅವನ ನಾಯಿ ಡ್ಯಾನ್. ದಡದಿಂದ ಜಾರಿ ವೈ ನದಿಗೆ ಬೀಳುತ್ತದೆ, ಕಾಲು ಬಡಿದು ಈಜುತ್ತದೆ, ಮೇಲೆ ಹತ್ತಿ ಬೊಗಳುತ್ತದೆ. ಇಷ್ಟೂ ಮೊದಲ ಕೆಲವೇ ಸೆಕೆಂಡಿನಲ್ಲಿ. ಕಣ್ಣು ಮಿಟುಕಿಸಿದರೆ ನಾಯಿ ದಡ ಸೇರಿರುತ್ತದೆ. ನಾನು ಬಸ್ಸಿನಲ್ಲಿ ಕೆಡಿಸಿಕೊಂಡ 'ನಿಮ್‌ರಾಡ್' ಒಂಬತ್ತನೆಯದು, ಬೇಜಾರಾಗಿ ಕೂತಾಗಲೆಲ್ಲಾ ಹುರಿದುಂಬಿಸುತ್ತಿದ್ದ ಯೇಗರ್ ಅನ್ನುವ ಗೆಳೆಯನದು. ಯೇಗರ್ ಅಂದರೆ ಜರ್ಮನ್‌ನಲ್ಲಿ ಬೇಟೆಗಾರ, ನಿಮ್‌ರಾಡ್ ಬೈಬಲಿನ ಬೇಟೆಗಾರ. ಹೆಸರಿನ ಆಟ.

ಎರಡನೇ ಸಲಕ್ಕೆ ಅವನ ಚೆಲೋ ಕಾನ್ಸರ್ಟೋ, 1919. ಅಂದರೆ ಪಿಟೀಲಿನ ದೊಡ್ಡಣ್ಣನಂಥ ಚೆಲೋ ಮುಂದೆ, ಆರ್ಕೆಸ್ಟ್ರಾ ಜೊತೆಗೆ. ಯುದ್ಧ ಮುಗಿದಿದೆ, ಅವನಿಗೆ ವಯಸ್ಸಾಗಿದೆ, ಅವನ ಥರದ ಸಂಗೀತದ ಕಾಲ ಹೋಗಿದೆ. ಮೊದಲ ಪ್ರಯೋಗ ಮುಗ್ಗರಿಸಿತು. ಅದೇ ಕಛೇರಿಯಲ್ಲಿ ಆರ್ಕೆಸ್ಟ್ರಾ ನಡೆಸುತ್ತಿದ್ದ ಇನ್ನೊಬ್ಬ ನಿರ್ದೇಶಕ ತಾಲೀಮಿನ ಹೊತ್ತನ್ನೆಲ್ಲಾ ತಿಂದುಹಾಕಿದ್ದ. ಅವತ್ತು ಆರ್ಕೆಸ್ಟ್ರಾದಲ್ಲಿ ಚೆಲೋ ಸಾಲಿನಲ್ಲಿ ಕೂತಿದ್ದ ಹುಡುಗರಲ್ಲಿ ಜಾನ್ ಬಾರ್ಬಿರೋಲಿ ಒಬ್ಬ. 46 ವರ್ಷ ಆದಮೇಲೆ, 1965ರಲ್ಲಿ, ಅದೇ ಬಾರ್ಬಿರೋಲಿ ನಿರ್ದೇಶಕನಾಗಿ, ಅದೇ ಲಂಡನ್ ಸಿಂಫನಿ ಆರ್ಕೆಸ್ಟ್ರಾದ ಜೊತೆ, ಆಕ್ಸ್‌ಫರ್ಡ್‌ನಲ್ಲಿ ಹುಟ್ಟಿದ 20 ವರ್ಷದ ಜಾಕ್ಲಿನ್ ಡು ಪ್ರೇ ಕೈಯಲ್ಲಿ ಇದನ್ನು ನುಡಿಸಿದ. ಈ ಧ್ವನಿಮುದ್ರಣವನ್ನೇ ಹುಡುಕಿ. ಶುರುವಿನ ನಾಲ್ಕು ಭಾರವಾದ ಏಟು ಚೆಲೋದ ಮೈಯಿಂದಲೇ ಕಿತ್ತು ಬಂದ ಹಾಗಿದೆ. ಕೆಲವು ವರ್ಷಕ್ಕೇ ಅವಳ ಬೆರಳಿನ ಸ್ಪರ್ಶ ಹೋಗತೊಡಗಿತು. ಮಲ್ಟಿಪಲ್ ಸ್ಕ್ಲೆರೋಸಿಸ್. 28ಕ್ಕೆ ನುಡಿಸುವುದು ನಿಂತಿತು, 42ಕ್ಕೆ ಜೀವ.

ಅದನ್ನು ಕೇಳಿದ ವಾರಕ್ಕೆ, ನಾಟಿಂಗ್‌ಹ್ಯಾಮ್‌ನ ಶೇಕು ಕಾನೆ-ಮೇಸನ್ ನುಡಿಸಿದ್ದನ್ನು ಕೇಳಿ. 1999ರಲ್ಲಿ ಹುಟ್ಟಿದ ಹುಡುಗ, 2016ರಲ್ಲಿ ಬಿಬಿಸಿಯ ಯುವ ಸಂಗೀತಗಾರ ಪ್ರಶಸ್ತಿ ಗೆದ್ದವನು. ಒಂದೇ ಕೃತಿಯನ್ನು ಇಬ್ಬರು ಹಾಡಿದರೆ ಯಾರದ್ದು ಹೇಗೆ ಅಂತ ಗಂಟೆಗಟ್ಟಲೆ ಚರ್ಚೆ ಮಾಡುವವರು ನಾವು. ಆ ಚಟ ಇಲ್ಲಿ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ.

ಹೆಜ್ಜೆ 5: ಅಬೆ ರೋಡ್ ದಾಟಿ

1931ರ ನವೆಂಬರ್ 12ರಂದು ಲಂಡನ್ನಿನ ಅಬೆ ರೋಡ್‌ನಲ್ಲಿ ಒಂದು ಹೊಸ ಸ್ಟುಡಿಯೋ ಶುರುವಾಯಿತು. ಉದ್ಘಾಟನೆಗೆ ಆರ್ಕೆಸ್ಟ್ರಾ ನಡೆಸಿದವನು ಎಲ್ಗರ್. ಮರುವರ್ಷ ಅಲ್ಲೇ 16 ವರ್ಷದ ಯೆಹೂದಿ ಮೆನುಹಿನ್ ಎಲ್ಗರ್‌ನ ಮುಂದೆ ನಿಂತು ಅವನ ವಯೊಲಿನ್ ಕಾನ್ಸರ್ಟೋ ನುಡಿಸಿದ. ಮೆನುಹಿನ್ ಹೆಸರು ನಮಗೆ ಹೊಸದಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ಯರ ಹತ್ತಿರ ಯೋಗ ಕಲಿತು, ಅವರನ್ನು ಯುರೋಪಿಗೆ ಪರಿಚಯಿಸಿದ್ದು ಇವನೇ.

ಮೂವತ್ತು ವರ್ಷ ಆದಮೇಲೆ ಅದೇ ಕಟ್ಟಡಕ್ಕೆ ಲಿವರ್‌ಪೂಲ್‌ನ ನಾಲ್ಕು ಹುಡುಗರು ಬಂದರು. ಬೀಟಲ್ಸ್ ಬಗ್ಗೆ ಎಲ್ಲರೂ ಹೇಳಿದ್ದಾರೆ, ನಾನು ಕೇಳುವ ಕ್ರಮ ಮಾತ್ರ ಹೇಳುತ್ತೇನೆ.

ಮೊದಲು 'ಟ್ವಿಸ್ಟ್ ಆ್ಯಂಡ್ ಶೌಟ್'. ಮೊದಲ ಆಲ್ಬಂನ ಬಹುಪಾಲು 1963ರ ಫೆಬ್ರವರಿ 11ರ ಒಂದೇ ದಿನ ಮುಗಿಯಿತು. ದಿನದ ಕೊನೆಗೆ ಈ ಹಾಡು. ನೆಗಡಿ ಹಿಡಿದು ಗಂಟಲು ಹೋಗಿದ್ದ ಜಾನ್ ಲೆನನ್ ಇದ್ದಬದ್ದ ದನಿಯನ್ನೆಲ್ಲಾ ಹಾಕಿದ್ದಾನೆ. ಹರಿದ ದನಿ ಸ್ಪಷ್ಟವಾಗಿ ಕೇಳುತ್ತದೆ.

ಆಮೇಲೆ ನೇರ 1966ಕ್ಕೆ ಹಾರಿ. 'ಎಲಿನರ್ ರಿಗ್ಬಿ'. ಇದರಲ್ಲಿ ಬೀಟಲ್ಸ್‌ನವರು ಬರೀ ಹಾಡಿದ್ದಾರೆ, ಒಂದು ವಾದ್ಯವನ್ನೂ ಮುಟ್ಟಿಲ್ಲ. ನಾಲ್ಕು ವಯೊಲಿನ್, ಎರಡು ವಿಯೋಲಾ, ಎರಡು ಚೆಲೋ. ಬರೆದುಕೊಟ್ಟವರು ಜಾರ್ಜ್ ಮಾರ್ಟಿನ್, ಗಿಲ್ಡ್‌ಹಾಲ್ ಸಂಗೀತ ಶಾಲೆಯಲ್ಲಿ ಓದಿದ ನಿರ್ಮಾಪಕ. ಇಂಜಿನಿಯರ್ ಮೈಕನ್ನು ತಂತಿಗೆ ತಾಗುವಷ್ಟು ಹತ್ತಿರ ಇಟ್ಟ. ನುಡಿಸುವವರಿಗೆ ಸಿಟ್ಟು ಬಂತು, ಕುರ್ಚಿ ಹಿಂದಕ್ಕೆ ಎಳೆದುಕೊಂಡರು. ಆ ಜಗಳದ ಫಲವೇ ಆ ಕುಯ್ಯುವಂಥ ಸದ್ದು. ಈಗ ಪರ್ಸೆಲ್ ಪಾಠ ನೆನಪು ಮಾಡಿಕೊಂಡು, ಮೆಕಾರ್ಟ್ನಿಯ ದನಿ ಬಿಟ್ಟು ಚೆಲೋ ಮಾತ್ರ ಹಿಡಿದು ಕೇಳಿ.

ಕೊನೆಗೆ 'ಅ ಡೇ ಇನ್ ದ ಲೈಫ್', 1967. ನಲವತ್ತು ಜನ ಕ್ಲಾಸಿಕಲ್ ವಾದಕರಿಗೆ ಮಾರ್ಟಿನ್ ಕೊಟ್ಟ ಸೂಚನೆ ಇಷ್ಟೇ: ನಿಮ್ಮ ವಾದ್ಯದ ಕೆಳಗಿನ ಸ್ವರದಿಂದ ಶುರು ಮಾಡಿ, 24 ಬಾರ್ (ನಮ್ಮ ಆವರ್ತದ ಹಾಗೆ) ಮುಗಿಯುವಷ್ಟರಲ್ಲಿ ಮೇಲೆ ಹೋಗಿ ಸೇರಿ, ಪಕ್ಕದವನು ಏನು ನುಡಿಸುತ್ತಾನೆ ಅಂತ ಕೇಳಬೇಡಿ. ಜೀವನವಿಡೀ ಪಕ್ಕದವನನ್ನು ಕೇಳಿಕೊಂಡೇ ನುಡಿಸಿದವರು ಅವರು! ಇದು ನಡೆದದ್ದು ಅಬೆ ರೋಡ್‌ನ 'ಸ್ಟುಡಿಯೋ ನಂಬರ್ 1'ರಲ್ಲಿ, ಎಲ್ಗರ್ ಉದ್ಘಾಟನೆ ಮಾಡಿದ ಅದೇ ಕೋಣೆಯಲ್ಲಿ.

ಇಲ್ಲಿ ನಮ್ಮವರೊಬ್ಬರನ್ನು ನೆನೆಯಬೇಕು. ಜಾರ್ಜ್ ಹ್ಯಾರಿಸನ್‌ನ 'ಲವ್ ಯೂ ಟೂ', 'ವಿದಿನ್ ಯೂ ವಿದೌಟ್ ಯೂ' ಹಾಡುಗಳಿಗೆ ಭಾರತೀಯ ವಾದಕರನ್ನು ಒದಗಿಸಿದ್ದು ಲಂಡನ್ನಿನ ಏಷ್ಯನ್ ಮ್ಯೂಸಿಕ್ ಸರ್ಕಲ್. ಅದನ್ನು ಕಟ್ಟಿ ನಡೆಸಿದವರು ಅಯನ ಅಂಗಡಿ ಮತ್ತು ಅವರ ಇಂಗ್ಲಿಷ್ ಹೆಂಡತಿ ಪೆಟ್ರೀಷಿಯಾ. ಅಂಗಡಿ ಅಂದಮೇಲೆ ಎಲ್ಲಿಯವರು ಅಂತ ಹೇಳಬೇಕಾ? ಕರ್ನಾಟಕದಿಂದ ಹೋದವರು. ಸಂಸ್ಥೆಯ ಅಧ್ಯಕ್ಷ ಮೆನುಹಿನ್. ಹ್ಯಾರಿಸನ್‌ಗೆ ರವಿಶಂಕರ್ ಪರಿಚಯವಾದದ್ದೂ ಉತ್ತರ ಲಂಡನ್ನಿನ ಅಂಗಡಿ ದಂಪತಿಯ ನಂಟಿನಿಂದಲೇ. ಬೀಟಲ್ಸ್ ಅಂದರೆ ಹೃಷಿಕೇಶ ಅನ್ನುತ್ತೇವೆ, ಅಂಗಡಿಯವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಈ ದಾರಿ ಹಿಡಿದವರು ಜಾನ್ ಮೆಕ್ಲಾಫ್ಲಿನ್ ತನಕ ಹೋಗಲೇಬೇಕು. ಯಾರ್ಕ್‌ಷೈರಿನ ಡಾನ್‌ಕಾಸ್ಟರ್‌ನವನು, ವೀಣೆ ಕಲಿತವನು, ಗಮಕ ಎಳೆಯಲು ಅನುಕೂಲವಾಗಲಿ ಅಂತ ಗಿಟಾರಿನ ಮೆಟ್ಟಿಲುಗಳ ನಡುವೆ ಮರ ಕೊರೆಸಿದವನು. ಎಲ್. ಶಂಕರ್, ಜಾಕಿರ್ ಹುಸೇನ್, ಘಟದ ವಿನಾಯಕರಾಂ ಜೊತೆ ಕಟ್ಟಿದ ಶಕ್ತಿ ತಂಡದ 1970ರ ದಶಕದ ಆಲ್ಬಂ ಯಾವುದಾದರೂ ಸರಿ.

ಹೆಜ್ಜೆ 6: ಈಗ ನಿಮ್ಮ ಇಷ್ಟ

ಇಷ್ಟು ಹೊತ್ತಿಗೆ ನಿಮ್ಮ ರುಚಿ ನಿಮಗೆ ಗೊತ್ತಾಗಿರುತ್ತದೆ. ನಾಟಕೀಯತೆ ಬೇಕು ಅನ್ನುವವರಿಗೆ ಕ್ವೀನ್. ಫ್ರೆಡ್ಡಿ ಮರ್ಕ್ಯುರಿ ಪಾರ್ಸಿ ಹುಡುಗ, ಜಾಂಜಿಬಾರಿನಲ್ಲಿ ಹುಟ್ಟಿ ಮಹಾರಾಷ್ಟ್ರದ ಪಂಚಗಣಿಯಲ್ಲಿ ಓದಿ, 1964ರಲ್ಲಿ ಇಂಗ್ಲೆಂಡಿಗೆ ಹೋದವನು. 'ಬೊಹೀಮಿಯನ್ ರ್‍ಯಾಪ್ಸಡಿ'ಯ ನಡುವಿನ ಒಪೆರಾ ಭಾಗದಲ್ಲಿ ದೊಡ್ಡ ಗಾನವೃಂದ ಇದೆ ಅನ್ನಿಸುತ್ತದೆ. ಹಾಡಿದವರು ಮೂರೇ ಜನ, ಮತ್ತೆ ಮತ್ತೆ ಅದೇ ಟೇಪಿನ ಮೇಲೆ.

ಕಥೆ ಬೇಕು ಅನ್ನುವವರಿಗೆ ಕೇಟ್ ಬುಷ್. 1978ರಲ್ಲಿ, 19ನೇ ವಯಸ್ಸಿಗೆ, 'ವದರಿಂಗ್ ಹೈಟ್ಸ್' ಹಾಡಿನಿಂದ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದಳು. ತಾನೇ ಬರೆದು ತಾನೇ ಹಾಡಿ ಅಲ್ಲಿಗೆ ಏರಿದ ಮೊದಲ ಹೆಂಗಸು. ಆ ಎತ್ತರದ ದನಿ ಮೊದಲ ಸಲ ಕಿರಿಕಿರಿ ಮಾಡುತ್ತದೆ. ಹಾಡುತ್ತಿರುವುದು ಕಿಟಕಿಯಾಚೆ ನಿಂತ ದೆವ್ವ ಅಂತ ಗೊತ್ತಾದಮೇಲೆ ಸರಿಹೋಗುತ್ತದೆ. ಅವಳ 1985ರ 'ರನ್ನಿಂಗ್ ಅಪ್ ದಟ್ ಹಿಲ್' 2022ರಲ್ಲಿ ಒಂದು ಟಿವಿ ಸರಣಿಯ ದೆಸೆಯಿಂದ ಮತ್ತೆ ಎದ್ದು ಮೊದಲ ಸ್ಥಾನಕ್ಕೆ ಹೋಯಿತು. ನನ್ನ ಅಕ್ಕನ ಮಗ ಅದು ಹೊಸ ಹಾಡು ಅಂತಲೇ ತಿಳಿದಿದ್ದ.

ಗಲಾಟೆ ಬೇಕು ಅನ್ನುವವರಿಗೆ ನಾನೇನು ಹೇಳಲಿ? ರೋಲಿಂಗ್ ಸ್ಟೋನ್ಸ್ 2003ರಲ್ಲಿ, ಐರನ್ ಮೇಡನ್ 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೇ ಬಂದು ಹೋದರು. ಹೋದವರು ಇವತ್ತಿಗೂ ಆ ಕಥೆ ಹೇಳುತ್ತಾರೆ.

ಹೋರಾಟದವರಿಗೆ ಈಥಲ್ ಸ್ಮೈತ್. ಹೆಂಗಸರ ಮತದಾನದ ಹಕ್ಕಿಗಾಗಿ ಹೋರಾಡಿ 1912ರಲ್ಲಿ ಲಂಡನ್ನಿನ ಹಾಲೊವೇ ಜೈಲು ಸೇರಿದ ಸಂಗೀತ ರಚನಕಾರ್ತಿ. ಕೆಳಗೆ ಅಂಗಳದಲ್ಲಿ ಕೈದಿ ಹೆಂಗಸರು ಅವಳೇ ಬರೆದ ಗೀತೆ ಹಾಡುತ್ತಾ ನಡೆಯುತ್ತಿದ್ದರೆ, ಮೇಲಿನ ಕಿಟಕಿಯಿಂದ ಹಲ್ಲುಜ್ಜುವ ಬ್ರಷ್ ಆಡಿಸಿ ತಾಳ ಕೊಡುತ್ತಿದ್ದಳಂತೆ. 'ದ ಮಾರ್ಚ್ ಆಫ್ ದ ವಿಮೆನ್' ಆ ಗೀತೆ.

ಹುಡುಕುವಾಗ

ಪಾಪ್ ಹಾಡಿಗೆ ಹಾಡಿನ ಹೆಸರು, ತಂಡದ ಹೆಸರು ಹಾಕಿದರೆ ಸಾಕು. ಕರೋಕೆ, ಕವರ್ ಅಂತ ಇರುವುದನ್ನು ಬಿಡಿ. ಕ್ಲಾಸಿಕಲ್‌ಗೆ ಮೂರು ಬೇಕು: ಬರೆದವರು, ಕೃತಿ, ನುಡಿಸಿದವರು. ಬರೀ 'ಎಲ್ಗರ್ ಚೆಲೋ' ಅಂತ ಹಾಕಿದರೆ ನೂರು ಬರುತ್ತವೆ. 'ಎಲ್ಗರ್ ಚೆಲೋ ಡು ಪ್ರೇ ಬಾರ್ಬಿರೋಲಿ' ಅಂತ ಹಾಕಿ. ಅವಳ ಬೇರೆ ಧ್ವನಿಮುದ್ರಣಗಳೂ ಇವೆ, ಹಾಗಾಗಿ ನಿರ್ದೇಶಕನ ಹೆಸರು ಬಿಡಬೇಡಿ.

ಫಿಲ್‌ಹಾರ್ಮೋನಿಯಾ ಅನ್ನುವ ಲಂಡನ್ ಆರ್ಕೆಸ್ಟ್ರಾ ಕಂಡರೆ ಒಂದು ಕ್ಷಣ ನಿಲ್ಲಿ. 1945ರಲ್ಲಿ ಶುರುವಾದ ಅದಕ್ಕೆ ಮೊದಮೊದಲು ಹಣದ ಆಸರೆಯಾದವರಲ್ಲಿ ಮೈಸೂರಿನ ಜಯಚಾಮರಾಜ ಒಡೆಯರ್ ಒಬ್ಬರು. ಅದರಲ್ಲಿ ಹಾರ್ನ್ ಅನ್ನುವ ಹಿತ್ತಾಳೆ ವಾದ್ಯ ಊದುತ್ತಿದ್ದ ಡೆನ್ನಿಸ್ ಬ್ರೇನ್‌ಗೆ ಅಂತಲೇ ರಚನಕಾರ ಬೆಂಜಮಿನ್ ಬ್ರಿಟನ್ 1943ರಲ್ಲಿ ಒಂದು 'ಸೆರೆನೇಡ್' ಬರೆದಿದ್ದ. ಶುರುವಿನಲ್ಲೂ ಕೊನೆಯಲ್ಲೂ ಬರೀ ಹಾರ್ನ್. ಕೊನೆಯದನ್ನು ವೇದಿಕೆಯ ಹಿಂದೆ, ದೂರದಿಂದ ಊದಬೇಕು.

ಕಛೇರಿಗೆ ಹೋಗುವುದಾದರೆ ಒಂದೇ ಎಚ್ಚರಿಕೆ. ಭಾಗ ಮುಗಿದ ತಕ್ಷಣ ಚಪ್ಪಾಳೆ ತಟ್ಟಬೇಡಿ. ನಾನು ತಟ್ಟಿದ್ದೇನೆ, ಒಬ್ಬನೇ, ಮುನ್ನೂರು ಜನರ ನಡುವೆ. ನಿರ್ದೇಶಕ ಕೈ ಇಳಿಸಿ ನಮ್ಮ ಕಡೆ ತಿರುಗಿದ ಮೇಲೆ ತಟ್ಟಿ.

ಕೊನೆಯ ಹೆಜ್ಜೆ: ಫ್ಯಾನ್ ಆಫ್

ಇದನ್ನು ಕೊನೆಗೆ ಇಟ್ಟಿದ್ದೇನೆ, ಅಷ್ಟು ಹೊತ್ತಿಗೆ ಕಿವಿ ತಯಾರಾಗಿರುತ್ತದೆ ಅಂತ. ಮೊದಲು ಥಾಮಸ್ ಟ್ಯಾಲಿಸ್‌ನ 'ಸ್ಪೆಮ್ ಇನ್ ಏಲಿಯಮ್'. 16ನೇ ಶತಮಾನದ್ದು. ನಲವತ್ತು ದನಿ, ನಲವತ್ತಕ್ಕೂ ಬೇರೆ ಬೇರೆ ಸಾಲು. ಐದೈದು ಜನರ ಎಂಟು ಗುಂಪು. ಎಳೆ ಹಿಡಿಯುವ ಪಾಠವೆಲ್ಲಾ ಇಲ್ಲಿ ಬಿಟ್ಟುಬಿಡಿ. ಜಾತ್ರೆಯಲ್ಲಿ ಒಬ್ಬೊಬ್ಬರ ಮಾತು ಕೇಳಿಸಿಕೊಳ್ಳಲು ಆಗುತ್ತಾ? ನಡುವೆ ಒಂದು ಕಡೆ ಎಲ್ಲರೂ ಒಟ್ಟಿಗೆ ನಿಂತುಬಿಡುತ್ತಾರೆ. ಆ ಮೌನ ಬಂದಾಗ ಗೊತ್ತಾಗುತ್ತದೆ.

ಆಮೇಲೆ ಮತ್ತೆ ಹೋಲ್ಸ್ಟ್. 'ದ ಪ್ಲಾನೆಟ್ಸ್'ನ ಏಳನೆಯ ಭಾಗ, 'ನೆಪ್ಚೂನ್'. ಇದೂ ಐದರ ಎಣಿಕೆಯೇ, ಆದರೆ ತಾಳ ಹಾಕಲು ಕೈ ಏಳುವುದಿಲ್ಲ. ಕೊನೆಯಲ್ಲಿ ಮಾತಿಲ್ಲದೆ ಹಾಡುವ ಹೆಂಗಸರ ದನಿ ಬರುತ್ತದೆ. ಅವರು ವೇದಿಕೆಯ ಮೇಲಿಲ್ಲ, ಪಕ್ಕದ ಕೋಣೆಯಲ್ಲಿದ್ದಾರೆ. ಅವರು ಹಾಡುತ್ತಿರುವಾಗಲೇ ನಡುವಿನ ಬಾಗಿಲನ್ನು ಸದ್ದಾಗದಂತೆ, ನಿಧಾನಕ್ಕೆ ಮುಚ್ಚಬೇಕು ಅಂತ ಹೋಲ್ಸ್ಟ್ ಬರೆದಿಟ್ಟಿದ್ದಾನೆ.

ರಾತ್ರಿ ಹನ್ನೊಂದರ ಮೇಲೆ, ಫ್ಯಾನ್ ಆಫ್ ಮಾಡಿ ಕೇಳಿ. ಬಾಗಿಲು ಪೂರ್ತಿ ಮುಚ್ಚಿದ್ದು ಯಾವಾಗ ಅಂತ ನನಗೆ ಇವತ್ತಿಗೂ ಹಿಡಿಯಲು ಆಗಿಲ್ಲ. ಹಾಡು ನಿಂತಿದೆ ಅಂದುಕೊಳ್ಳುತ್ತೇನೆ, ಫೋನ್ ನೋಡಿದರೆ ಇನ್ನೂ ಎಂಟು ಸೆಕೆಂಡ್ ಬಾಕಿ ಇರುತ್ತದೆ.